ಒಂದು ‘ರನ್’, ನೂರಾರು ಅರ್ಥ



ಆಕ್ಸ್‌ಫರ್ಡ್ ಬೃಹತ್ ನಿಘಂಟಿನ ಸಂಪಾದಕರು ‘ರನ್’ ಎಂಬ ಪುಟ್ಟ ಕ್ರಿಯಾಪದದಲ್ಲಿ 645 ಅರ್ಥಗಳನ್ನು ಗುರುತಿಸಿದ್ದಾರೆಂದು 2011ರಲ್ಲಿ ವರದಿಯಾಯಿತು. ನಾವಾದರೋ ಮಕ್ಕಳಿಗೆ ‘ರನ್ ಎಂದರೆ ಓಡು’ ಎಂದಷ್ಟೇ ಬಾಯಿಪಾಠ ಮಾಡಿಸುತ್ತೇವೆ. ಕನ್ನಡದಲ್ಲಿ ಮನುಷ್ಯ ಓಡುತ್ತಾನೆ, ನದಿ ಹರಿಯುತ್ತದೆ, ಅಂಗಡಿ ನಡೆಯುತ್ತದೆ, ಮೂಗು ಸೋರುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ರನ್’ ಸಾಕು. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ಓಡಿದರೆ’, ಬ್ರಿಟನ್ನಿನವನು ನಮ್ಮವನಂತೆಯೇ ‘ನಿಲ್ಲುತ್ತಾನೆ’!

ಸಮಾನಾರ್ಥಕ ಪದಗಳ ಪಟ್ಟಿಯೂ ಪರಿಹಾರವಲ್ಲ. ‘ಮ್ಯಾನೇಜ್’ ಎಂಬುದು ಅಂಗಡಿಗೆ ಒಪ್ಪುತ್ತದೆ, ನದಿಗೆ ಒಪ್ಪದು. ‘ಫ್ಲೋ’ ನದಿಗೆ ಸಲ್ಲುತ್ತದೆ, ಅಂಗಡಿಗೆ ಸಲ್ಲದು. ಪದಕ್ಕೆ ಅರ್ಥ ಬರುವುದು ಅದರ ನೆರೆಹೊರೆಯಿಂದ. ಆದ್ದರಿಂದ ನಿಮ್ಮ ಮಕ್ಕಳಿಗೆ ಪಟ್ಟಿಯನ್ನಲ್ಲ, ವಾಕ್ಯಗಳನ್ನು ಕಲಿಸಿ. ಪ್ರತಿ ವಾಕ್ಯಕ್ಕೂ ತಕ್ಕ ಕನ್ನಡ ಕ್ರಿಯಾಪದವನ್ನು ಅವರೇ ಹುಡುಕಲಿ. ಇಂಗ್ಲಿಷೂ ಬಂದೀತು, ಕನ್ನಡವೂ ಉಳಿದೀತು.