ವೈಫೈಗೆ ಪಾಸ್‌ವರ್ಡ್ ಇದೆ, ರೌಟರ್‌ಗೆ ಇದೆಯೇ?

ಮನೆಯ ವೈಫೈ ಬಗ್ಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಲೇ ಇರುತ್ತವೆ. ಒಂದು ಹೆದರಿಸುವಂಥದ್ದು: ‘ಪಕ್ಕದವರು ನಿಮ್ಮ ವೈಫೈಗೆ ಸೇರಿಕೊಂಡರೆ ಬ್ಯಾಂಕ್ ಖಾತೆ ಖಾಲಿ’. ಇನ್ನೊಂದು ಸಮಾಧಾನ ಹೇಳುವಂಥದ್ದು: ‘ವೈಫೈ ಹೆಸರನ್ನು ಅಡಗಿಸಿಡಿ, ಯಾರೂ ಮುಟ್ಟಲಾರರು’. ಎರಡೂ ಪೂರ್ತಿ ನಿಜವಲ್ಲ. ನಿಜವಾದ ಅಪಾಯ ಇವೆರಡರ ನಡುವೆ ಇದೆ, ಮತ್ತು ಅದನ್ನು ಸರಿಪಡಿಸಲು ಹತ್ತು ನಿಮಿಷ ಸಾಕು.

ಒಂದು ಡಬ್ಬ, ಎರಡು ಬೀಗ

ಮನೆಯಲ್ಲಿ ಮಿಣುಕುವ ವೈಫೈ ಡಬ್ಬಕ್ಕೆ, ಅಂದರೆ ರೌಟರ್‌ಗೆ, ಎರಡು ಪಾಸ್‌ವರ್ಡ್‌ಗಳಿರುತ್ತವೆ. ಮೊದಲನೆಯದು ನಮಗೆಲ್ಲ ಗೊತ್ತಿರುವ ವೈಫೈ ಪಾಸ್‌ವರ್ಡ್. ನೆಂಟರು ಬಂದಾಗ ಹೇಳುವುದು ಇದನ್ನೇ. ಎರಡನೆಯದು ರೌಟರ್‌ನ ಒಳಗಿನ ಸೆಟ್ಟಿಂಗ್‌ಗಳನ್ನು ಬದಲಿಸಲು ಬೇಕಾದ ಅಡ್ಮಿನ್ ಪಾಸ್‌ವರ್ಡ್. ಹಲವು ಹಳೆಯ ರೌಟರ್‌ಗಳಲ್ಲಿ ಇದು ಕಂಪನಿ ಕೊಟ್ಟ ‘ಅಡ್ಮಿನ್’ ಎಂಬ ಪದವೇ ಆಗಿರುತ್ತದೆ. ಮೊದಲ ಬೀಗ ಅಂಗಳದ ಗೇಟಿನದ್ದು, ಎರಡನೆಯದು ಮನೆಯ ಕಪಾಟಿನದ್ದು. ಒಂದೊಂದು ಸಡಿಲವಾದಾಗ ಏನಾಯಿತು ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಗಳಿವೆ.

ಮೊದಲ ಬೀಗ ಇಲ್ಲದಿದ್ದಾಗ: 2008

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ ನಡೆಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬೆದರಿಕೆಯ ಇಮೇಲ್ ಬಂದಿತ್ತು. ಪೊಲೀಸರು ಅದರ ಇಂಟರ್‌ನೆಟ್ ವಿಳಾಸದ ಜಾಡು ಹಿಡಿದು ಹೋದಾಗ ತಲುಪಿದ್ದು ನವಿ ಮುಂಬೈನ ಸಾನ್ಪಾಡಾದಲ್ಲಿ ಬಾಡಿಗೆಗಿದ್ದ ಅಮೆರಿಕನ್ ಪ್ರಜೆಯೊಬ್ಬರ ಫ್ಲ್ಯಾಟಿಗೆ. ಅವರಿಗೂ ಸ್ಫೋಟಕ್ಕೂ ಸಂಬಂಧವಿರಲಿಲ್ಲ. ಅವರ ವೈಫೈ ಭದ್ರವಾಗಿರಲಿಲ್ಲ, ಅಷ್ಟೆ. ಆದರೂ ಅವರು ವಿಚಾರಣೆ ಎದುರಿಸಬೇಕಾಯಿತು, ಕಂಪ್ಯೂಟರ್‌ಗಳು ತಪಾಸಣೆಗೆ ಹೋದವು. ಅದೇ ವರ್ಷ ಇಂಥದ್ದೇ ಇಮೇಲ್‌ಗಳಿಗೆ ಮಾಟುಂಗದ ಖಾಲ್ಸಾ ಕಾಲೇಜಿನ ಮತ್ತು ಚೆಂಬೂರಿನ ಕಂಪನಿಯೊಂದರ ವೈಫೈ ಕೂಡ ಬಳಕೆಯಾದವು. ಮುಂಬೈಯ ಈ ಬಡಾವಣೆಗಳು ಉಡುಪಿಯ ಕಡೆಯವರಿಗೆ ಹೊಸವೇನಲ್ಲ. ನಮ್ಮವರು ಹೋಟೆಲ್ ಇಟ್ಟ, ಸಂಸಾರ ಹೂಡಿದ ಜಾಗಗಳಿವು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈಫೈ ಭದ್ರತೆಯ ಬಗ್ಗೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆಗಳನ್ನು ಹೊರಡಿಸಿತು.

ಇಲ್ಲಿ ತಿಳಿಯಬೇಕಾದ ಅಂಶ ಒಂದೇ. ಮನೆಯ ವೈಫೈಗೆ ಸೇರಿದ ಎಲ್ಲ ಫೋನುಗಳೂ ಹೊರಗಿನ ಜಗತ್ತಿಗೆ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ಯಾರೇ ಏನೇ ಮಾಡಿದರೂ ಪೊಲೀಸರು ಮೊದಲು ಬಾಗಿಲು ತಟ್ಟುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರದ್ದನ್ನು.

ಎರಡನೇ ಬೀಗ ಬದಲಿಸದಿದ್ದಾಗ: 2017

2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಂಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ಆರಂಭದ ವರದಿಗಳ ಪ್ರಕಾರ ಹಾನಿಗೊಳಗಾದವು ಸುಮಾರು 2,000. ಕಾರಣ ಒಂದು ಕುತಂತ್ರಾಂಶ. ಅದು ಯಾರ ಮನೆಯ ಹತ್ತಿರವೂ ಬಂದಿರಲಿಲ್ಲ. ಇಂಟರ್‌ನೆಟ್ ಮೂಲಕವೇ ‘ಅಡ್ಮಿನ್–ಅಡ್ಮಿನ್’ ಎಂಬ ಕಂಪನಿಯ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದ ಮೋಡೆಂಗಳನ್ನು ಹುಡುಕಿ ಕೆಡಿಸಿತ್ತು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು.

ಹಿಂದಿನ ವರ್ಷ, 2016ರಲ್ಲಿ, ಮಿರಾಯ್ ಎಂಬ ಇನ್ನೊಂದು ಕುತಂತ್ರಾಂಶ ಇಂಥ 60ಕ್ಕೂ ಹೆಚ್ಚು ಸಿದ್ಧ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಜಗತ್ತಿನಾದ್ಯಂತ ಕ್ಯಾಮೆರಾ ಮತ್ತು ರೌಟರ್‌ಗಳನ್ನು ವಶಮಾಡಿಕೊಂಡಿತ್ತು. ಅಡ್ಮಿನ್ ಪಾಸ್‌ವರ್ಡ್ ಸಿಕ್ಕವರು ಮೋಡೆಂ ಕೆಡಿಸುವುದಷ್ಟೇ ಅಲ್ಲ, ನೀವು ತೆರೆಯುವ ವೆಬ್‌ಸೈಟಿನ ಬದಲು ಅದರಂತೆಯೇ ಕಾಣುವ ನಕಲಿ ಪುಟಕ್ಕೆ ನಿಮ್ಮನ್ನು ಕಳುಹಿಸುವ ಹಾಗೆ ಸೆಟ್ಟಿಂಗ್ ತಿರುಚಬಲ್ಲರು.

ನಮ್ಮೂರಿನಲ್ಲಿ ಬೀಗ ಸಡಿಲವಾಗುವುದೆಲ್ಲಿ?

ಮಣಿಪಾಲದ ಪಿಜಿ ಮತ್ತು ಫ್ಲ್ಯಾಟುಗಳಲ್ಲಿ ವಿದ್ಯಾರ್ಥಿಗಳು ಬರುತ್ತಾರೆ, ಓದು ಮುಗಿಸಿ ಹೋಗುತ್ತಾರೆ. ಪಾಸ್‌ವರ್ಡ್ ಮಾತ್ರ ಅದೇ ಉಳಿದರೆ, ಖಾಲಿ ಮಾಡಿ ಹೋದ ಬಾಡಿಗೆದಾರರಿಂದ ಬೀಗದ ಕೈ ವಾಪಸು ಪಡೆಯದಂತೆಯೇ.

ಕಾಪು ಕಡೆ ಮಕ್ಕಳು ಗಲ್ಫ್‌ನಲ್ಲೋ ಮುಂಬೈಯಲ್ಲೋ ಇದ್ದು, ಊರಿನ ಮನೆಯನ್ನು ಸಿಸಿಟಿವಿಯಲ್ಲಿ ನೋಡಿಕೊಳ್ಳುವುದು ಈಗ ಸಾಮಾನ್ಯ. ಮನೆ ಕಾಯಲೆಂದು ಇಟ್ಟ ಕ್ಯಾಮೆರಾಕ್ಕೇ ಕಂಪನಿಯ ಪಾಸ್‌ವರ್ಡ್ ಇದ್ದರೆ, ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಬೇರೆಯವರಿಗೂ ಕಾಣಬಹುದು.

ಕಾರ್ಕಳದಲ್ಲಿ ಮನೆಗಳು ದೂರ ದೂರ, ಪಕ್ಕದ ಮನೆಯವರ ಭಯ ಕಡಿಮೆ. ಆದರೆ ಘಟ್ಟದ ಬುಡದ ಈ ಊರಿಗೆ ಮಳೆಗಾಲದ ಮುಂಚೆ ಮತ್ತು ಕೊನೆಗೆ ಸಿಡಿಲಿನ ಕಾಟ. ಸಿಡಿಲಿಗೆ ರೌಟರ್ ಸುಟ್ಟು ಹೊಸದು ಬಂದಾಗ, ಅಥವಾ ರಿಪೇರಿಗೆ ಬಂದವರು ರೀಸೆಟ್ ಗುಂಡಿ ಒತ್ತಿದಾಗ, ನೀವು ಹಿಂದೆ ಬದಲಿಸಿದ್ದ ಪಾಸ್‌ವರ್ಡ್ ಹೋಗಿ ಕಂಪನಿಯದ್ದೇ ಮರಳುತ್ತದೆ. ಇದು ಇಡೀ ಕರಾವಳಿಗೆ ಅನ್ವಯಿಸುವ ಮಾತು.

ಇನ್ನು ಉಡುಪಿ ಪೇಟೆಯಲ್ಲಾಗಲಿ ಹಳ್ಳಿಯಲ್ಲಾಗಲಿ ಮೊಬೈಲ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡಿಕೊಂಡವರಿದ್ದಾರೆ. ಅಂಗಡಿಯ ಬೋರ್ಡಿನಲ್ಲೇ ಆ ನಂಬರ್ ಇದ್ದರೆ ಊಹಿಸುವ ಶ್ರಮವೂ ಇಲ್ಲ. ಇಲ್ಲದಿದ್ದರೂ ಲೆಕ್ಕ ನೋಡಿ. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಒಟ್ಟು ಸಾಧ್ಯತೆ 400 ಕೋಟಿ. ಫೋನು ವೈಫೈಗೆ ಸೇರುವಾಗ ನಡೆಯುವ ಗುರುತು ವಿನಿಮಯವನ್ನು ಒಮ್ಮೆ ಹಿಡಿದಿಟ್ಟುಕೊಂಡವರು ಆಮೇಲೆ ತಮ್ಮ ಮನೆಯಲ್ಲೇ ಕುಳಿತು ಊಹಿಸಬಹುದು. ಗೇಮಿಂಗ್‌ಗೆ ಬಳಸುವ ಪ್ರಬಲ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ಊಹೆ ಮಾಡಿದರೆ 400 ಕೋಟಿ ಮುಗಿಯಲು ಬೇಕಾದದ್ದು 4,000 ಸೆಕೆಂಡ್, ಅಂದರೆ ಒಂದು ಗಂಟೆ ಏಳು ನಿಮಿಷ.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು

‘ವೈಫೈಗೆ ಸೇರಿದವರು ಒಟಿಪಿ ಕದಿಯುತ್ತಾರೆ’: ಎಸ್‌ಎಂಎಸ್ ಒಟಿಪಿ ಬರುವುದು ಸಿಮ್ ಕಂಪನಿಯ ಮೂಲಕ. ಬ್ಯಾಂಕ್ ಆ್ಯಪ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲೇ ಕಳುಹಿಸುತ್ತವೆ. ಪಕ್ಕದ ಮನೆಯವರು ವೈಫೈಗೆ ಸೇರಿದ ಮಾತ್ರಕ್ಕೆ ಖಾತೆ ಖಾಲಿಯಾಗದು. ಒಟಿಪಿ ಹೋಗುವುದು ಹೆಚ್ಚಾಗಿ ನಾವೇ ಫೋನಿನಲ್ಲಿ ಹೇಳಿದಾಗ, ಅಥವಾ ಮೋಸದ ಆ್ಯಪ್ ಹಾಕಿಕೊಂಡಾಗ.

‘ಹೆಸರು ಅಡಗಿಸಿದರೆ ಸಾಕು’: ಸಾಲದು. ಅಡಗಿಸಿದ ವೈಫೈಯನ್ನೂ ಪತ್ತೆ ಮಾಡುವ ಉಚಿತ ತಂತ್ರಾಂಶಗಳಿವೆ.

‘ನೆಟ್ ನಿಧಾನವಾದರೆ ಯಾರೋ ಕದಿಯುತ್ತಿದ್ದಾರೆ’: ದಪ್ಪ ಮುರಕಲ್ಲಿನ ಗೋಡೆ, ಕಂಪನಿಯ ಲೈನಿನ ಸಮಸ್ಯೆ, ಹಳೆಯ ರೌಟರ್, ಇವೆಲ್ಲ ಕಾರಣವಾಗಬಹುದು. ಸೇರಿರುವ ಸಾಧನಗಳ ಪಟ್ಟಿ ರೌಟರ್‌ನಲ್ಲೇ ಸಿಗುತ್ತದೆ. ಅಪರಿಚಿತ ಹೆಸರು ಕಂಡೊಡನೆ ಗಾಬರಿ ಬೇಡ. ಈಗಿನ ಫೋನುಗಳು ವೈಫೈಗೆ ತಮ್ಮ ಅಸಲಿ ಗುರುತಿನ ಸಂಖ್ಯೆಯ ಬದಲು ಬೇರೊಂದನ್ನು ತೋರಿಸುತ್ತವೆ. ಮನೆಯ ಫೋನುಗಳನ್ನು ಒಂದೊಂದಾಗಿ ಆಫ್ ಮಾಡಿ ಲೆಕ್ಕ ಹಾಕಿ.

ಹತ್ತು ನಿಮಿಷದ ಕೆಲಸ

1. ರೌಟರ್‌ನ ಅಡಿಯ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ, ಹೆಚ್ಚಾಗಿ 192.168.1.1 ಎಂಬಂಥದ್ದು. ವೈಫೈಗೆ ಸೇರಿ, ಬ್ರೌಸರ್‌ನಲ್ಲಿ ಅದನ್ನು ತೆರೆದು ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ತಿಳಿಯದಿದ್ದರೆ ಕನೆಕ್ಷನ್ ಕೊಟ್ಟವರನ್ನು ಕರೆದು ನಿಮ್ಮ ಎದುರೇ ಮಾಡಿಸಿ.

2. ವೈಫೈ ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ: ಹಲಸು, ಕೊಡೆ, ರಿಕ್ಷಾ, ಮಂಗಳವಾರ ಎಂಬ ಹಾಗೆ. ಇದನ್ನೇ ಬಳಸಬೇಡಿ, ನಿಮ್ಮದೇ ಆರಿಸಿಕೊಳ್ಳಿ.

3. ಸೆಕ್ಯುರಿಟಿ ವಿಭಾಗದಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನು, ಇಲ್ಲವಾದರೆ ಡಬ್ಲ್ಯುಪಿಎ2 ಆರಿಸಿ. ಡಬ್ಲ್ಯುಇಪಿ ಮಾತ್ರ ಇದ್ದರೆ ರೌಟರ್ ಬದಲಿಸುವ ಕಾಲ ಬಂದಿದೆ. ಅದರ ದೌರ್ಬಲ್ಯ 2001ರಲ್ಲೇ ಬಯಲಾಗಿದೆ.

4. ಡಬ್ಲ್ಯುಪಿಎಸ್ ಆಫ್ ಮಾಡಿ. ಅದರ ಎಂಟಂಕಿಯ ಪಿನ್ ಅನ್ನು 11,000 ಪ್ರಯತ್ನಗಳಲ್ಲಿ ಮುರಿಯಬಹುದೆಂದು 2011ರಲ್ಲೇ ತೋರಿಸಲಾಗಿದೆ. ರಿಮೋಟ್ ಮ್ಯಾನೇಜ್‌ಮೆಂಟ್ ಎಂಬುದೂ ಆಫ್ ಇರಲಿ.

5. ನೆಂಟರಿಗೆ, ಬಾಡಿಗೆದಾರರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ. ಅವರು ಹೋದ ಮೇಲೆ ಅದರ ಪಾಸ್‌ವರ್ಡ್ ಬದಲಿಸಿ. ಸಿಸಿಟಿವಿಯ ಪಾಸ್‌ವರ್ಡನ್ನೂ ಇವತ್ತೇ ಬದಲಿಸಿ.

6. ರೌಟರ್ ರೀಸೆಟ್ ಆದಾಗಲೆಲ್ಲ ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ.

ಯಾರೋ ನುಗ್ಗಿದ್ದಾರೆ ಎಂಬ ಅನುಮಾನ ಬಲವಾಗಿದ್ದರೆ ಸಾಧನಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಎರಡೂ ಪಾಸ್‌ವರ್ಡ್ ಬದಲಿಸಿ, ಉಡುಪಿಯ ಸೆನ್ ಪೊಲೀಸ್ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ದುರುದ್ದೇಶದಿಂದ ಬೇರೆಯವರ ನೆಟ್‌ವರ್ಕ್‌ಗೆ ನುಗ್ಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಮುಂದಿನ ಸಲ ವೈಫೈ ಬಗ್ಗೆ ಹೆದರಿಸುವ ಫಾರ್ವರ್ಡ್ ಬಂದರೆ ಅದನ್ನು ಮುಂದಕ್ಕೆ ತಳ್ಳುವ ಮೊದಲು ನಿಮ್ಮ ಡಬ್ಬದ ಎರಡನೇ ಬೀಗ ನೋಡಿಕೊಳ್ಳಿ. ಊರಿನಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮನ ಮನೆಯ ಡಬ್ಬವನ್ನೂ ಒಮ್ಮೆ ನೋಡಿ. ಆ ಕನೆಕ್ಷನ್ ಬಹುಶಃ ಅವರ ಹೆಸರಿನಲ್ಲೇ ಇದೆ.