ಮನೆತನ ಕೊಡುವುದೇನು?

ನೂಲಿನಂತೆ ಸೀರೆ ಎನ್ನುತ್ತೇವೆ. ಅಮೆರಿಕದ ನ್ಯಾಸ್ಕಾರ್ ಕಾರು ರೇಸಿನಲ್ಲಿ ಈ ಗಾದೆಗೆ ಸಾಕ್ಷಿ ಹುಡುಕುವವರು ನಾರ್ತ್ ಕ್ಯಾರೊಲಿನಾದ ಲೆವೆಲ್ ಕ್ರಾಸ್ ಎಂಬ ಪುಟ್ಟ ಊರಿನ ಪೆಟ್ಟಿ ಮನೆತನವನ್ನು ತೋರಿಸುತ್ತಾರೆ. ಅಪ್ಪ ಲೀ ಪೆಟ್ಟಿ ಮೂರು ಬಾರಿಯ ಚಾಂಪಿಯನ್, 1959ರ ಮೊತ್ತಮೊದಲ ಡೇಟೋನಾ 500 ಗೆದ್ದವನು. ಮಗ ರಿಚರ್ಡ್ ಏಳು ಬಾರಿಯ ಚಾಂಪಿಯನ್. ಗೆದ್ದ ರೇಸುಗಳು 200. ರಕ್ತದಲ್ಲೇ ಬಂದದ್ದು ಎಂದುಬಿಡಲು ಇನ್ನೇನು ಬೇಕು?

ಹಾಗೆಂದುಬಿಟ್ಟರೆ ಶೆಡ್ಡಿನಲ್ಲಿ ಕೈ ಕಪ್ಪು ಮಾಡಿಕೊಂಡವರು ಲೆಕ್ಕಕ್ಕೇ ಸಿಗುವುದಿಲ್ಲ. ರಿಚರ್ಡನ ಎಂಜಿನ್ ಕಟ್ಟುತ್ತಿದ್ದವನು ತಮ್ಮ ಮಾರಿಸ್. ಕಾರನ್ನು ಅಣಿಗೊಳಿಸಿ ರೇಸಿನ ಲೆಕ್ಕಾಚಾರ ಹಾಕುತ್ತಿದ್ದವನು ಸಂಬಂಧಿ ಡೇಲ್ ಇನ್‌ಮನ್. 1981ರಲ್ಲಿ ಇನ್‌ಮನ್ ಈ ತಂಡ ಬಿಟ್ಟ. 1984ರಲ್ಲಿ ಟೆರಿ ಲಬಾಂಟಿ ಎಂಬ ಬೇರೊಬ್ಬ ಚಾಲಕನನ್ನು ಚಾಂಪಿಯನ್ ಮಾಡಿದ. ರಿಚರ್ಡನಿಗೆ ಆಮೇಲೆ ಎಂಟನೆಯ ಪಟ್ಟ ಸಿಗಲೇ ಇಲ್ಲ. ವಯಸ್ಸೂ ನಲವತ್ತು ದಾಟಿತ್ತು, ನಿಜ. ಆದರೂ ರಕ್ತದ್ದೆಂದುಕೊಂಡಿದ್ದರಲ್ಲಿ ಒಂದು ಪಾಲು ಇನ್‌ಮನ್ ಜೊತೆ ಹೊರಟುಹೋಗಿತ್ತೆಂದೇ ನನ್ನ ಎಣಿಕೆ.

ಹಾಗಾದರೆ ಮಕ್ಕಳಿಗೆ ದಕ್ಕುವುದು ಅವಕಾಶ: ಕಾರು, ಕಲಿಸುವವರು, ಸೋತರೂ ಮತ್ತೆ ಓಡಿಸುವ ಅನುಕೂಲ. ಅದೇನು ಸಣ್ಣದಲ್ಲ. ದುಡ್ಡು ಹಾಕುವ ಪ್ರಾಯೋಜಕನೂ ಗೊತ್ತಿರುವ ಹೆಸರನ್ನೇ ಮೊದಲು ಕೇಳುತ್ತಾನೆ. ಶೆಡ್ಡಿಲ್ಲದ ಮನೆಯ ಹುಡುಗನಿಗೆ ಇದು ಅನ್ಯಾಯವೇ. ಪರಂಪರೆ ಎಂಬ ಚಂದದ ಮಾತಿನಿಂದ ಅದನ್ನು ಮುಚ್ಚಬಾರದು. ಆದರೆ ಅಪ್ಪ ಎಲ್ಲವನ್ನೂ ಕೊಟ್ಟುಬಿಡುತ್ತಾನೆಂದೂ ಅಲ್ಲ. 1959ರಲ್ಲಿ ಅಟ್ಲಾಂಟಾದ ಲೇಕ್‌ವುಡ್‌ನಲ್ಲಿ ರಿಚರ್ಡ್ ಮೊದಲ ಬಾರಿ ಗೆದ್ದನೆಂದು ಘೋಷಿಸಿದಾಗ, ಸುತ್ತುಗಳ ಎಣಿಕೆ ತಪ್ಪಿದೆಯೆಂದು ತಕರಾರು ತೆಗೆದು ಗೆಲುವನ್ನು ಕಿತ್ತುಕೊಂಡವನು ಸ್ವಂತ ಅಪ್ಪ ಲೀ!

ಅವಕಾಶದ ಬೆನ್ನಿಗೇ ಅಳತೆಗೋಲೂ ಬರುತ್ತದೆ. ಮೂರನೆಯ ತಲೆಮಾರಿನ ಕೈಲ್ ಅಗ್ರ ಸರಣಿಯಲ್ಲಿ ಎಂಟು ರೇಸು ಗೆದ್ದ. ಬೇರೆ ಮನೆಯಲ್ಲಾದರೆ ಗೌರವದ ವೃತ್ತಿಜೀವನ, ಇಲ್ಲಿ ‘ಎಂಟೇನಾ?’ ಎಂಬ ಪ್ರಶ್ನೆ. ಅವನ ಮಗ ಆಡಮ್ 2000ದ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅಭ್ಯಾಸದ ವೇಳೆ ಗೋಡೆಗೆ ಅಪ್ಪಳಿಸಿ ಸತ್ತಾಗ ಹತ್ತೊಂಬತ್ತು ವರ್ಷ. ಮುತ್ತಾತ ಲೀ ತೀರಿಕೊಂಡು ತಿಂಗಳಷ್ಟೇ ಕಳೆದಿತ್ತು. ಮನೆತನ ದಾಟಿಸುವುದರಲ್ಲಿ ಈ ಅಪಾಯವೂ ಸೇರಿದೆ. ಹುಟ್ಟುವಾಗಲೇ ಸ್ಟೇರಿಂಗ್ ಕಾದಿರುವ ಹುಡುಗ ಎಷ್ಟರಮಟ್ಟಿಗೆ ತಾನಾಗಿ ಆರಿಸಿಕೊಂಡ ಎಂದು ಹೇಳುವುದು ಕಷ್ಟ. ಕೈಲ್ ಮಗನ 45ನೇ ಸಂಖ್ಯೆಯ ಕಾರನ್ನು ತಾನೇ ಓಡಿಸತೊಡಗಿದ.

1949ರಿಂದ ನಡೆದುಬಂದ ಮನೆಯ ತಂಡ 2009ರ ಹೊತ್ತಿಗೆ ಇನ್ನೊಂದರಲ್ಲಿ ವಿಲೀನವಾಯಿತು. ಅದರ ಕೊನೆಯ ಗೆಲುವು 1999ರಲ್ಲಿ, ಮಾರ್ಟಿನ್ಸ್‌ವಿಲ್‌ನಲ್ಲಿ. ರಿಚರ್ಡನ 43ನೇ ಸಂಖ್ಯೆಯ ಕಾರಿನಲ್ಲಿ ಅಂದು ಕೂತಿದ್ದವನು ಪೆಟ್ಟಿಯಲ್ಲ, ಜಾನ್ ಆಂಡ್ರೆಟ್ಟಿ. ಅವನೂ ರೇಸಿನ ಮನೆತನದವನೇ, ಹೆಸರಾಂತ ಚಾಲಕ ಮಾರಿಯೊ ಆಂಡ್ರೆಟ್ಟಿಯ ಸೋದರನ ಮಗ.