ಆಶೀರ್ವಾದವೇ ಉಡುಗೊರೆಯಂತೆ!

ಈಚಿನ ಲಗ್ನಪತ್ರಿಕೆಗಳ ಬುಡದಲ್ಲಿ ಒಂದು ಸಾಲು ತಪ್ಪದೆ ಅಚ್ಚಾಗಿರುತ್ತದೆ: 'ಆಶೀರ್ವಾದವೇ ಉಡುಗೊರೆ'. ಗಿರಣಿ ಮಾಲೀಕರ ಮನೆಯ ಪತ್ರಿಕೆಯಲ್ಲಿ ಇದನ್ನು ಕಂಡರೆ ನಮಗೆ ಆಶ್ಚರ್ಯವಿಲ್ಲ. ಅವರಿಗೆ ನಮ್ಮ ಐನೂರು ರೂಪಾಯಿ ಬೇಡ. ನಿಜ ಹೇಳಬೇಕೆಂದರೆ ಆಶೀರ್ವಾದವೂ ಅಷ್ಟಾಗಿ ಬೇಕಿಲ್ಲ. ಆದರೆ ಅದೇ ಗಿರಣಿಯಲ್ಲಿ ಪಾಳಿಯ ಮೇಲೆ ದುಡಿಯುವವನ ಮಗಳ ಲಗ್ನಪತ್ರಿಕೆಯಲ್ಲಿಯೂ ಅದೇ ಸಾಲು ಕಂಡಾಗ ನಾವು ಒಂದು ಗಳಿಗೆ ಯೋಚಿಸಬೇಕಾಗುತ್ತದೆ.

ಮುಯ್ಯಿ ಎಂದರೇನು? ಚಪ್ಪರದ ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು, ಯಾರು ಎಷ್ಟು ಕೊಟ್ಟರೆಂದು ಬರೆದುಕೊಳ್ಳುವುದು. ನಾಳೆ ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೋ, ಅದಕ್ಕೆ ತುಸು ಸೇರಿಸಿಯೋ ನಾವು ಹಿಂತಿರುಗಿಸುವುದು. ಓದಿದವರು ಇದನ್ನು ಹಳ್ಳಿಯ ಹಳೆಯ ಗೊಡ್ಡು ಪದ್ಧತಿ ಎಂದು ನಗುತ್ತಾರೆ. ನಾವು ಇದನ್ನು ಬಡವರ ಸಹಕಾರ ಸಂಘವೆನ್ನುತ್ತೇವೆ. ಇದಕ್ಕೆ ಷೇರಿಲ್ಲ, ಅಧ್ಯಕ್ಷರಿಲ್ಲ, ಜಾಮೀನು ಬೇಡ, ಜಪ್ತಿ ಇಲ್ಲ.

ಲೆಕ್ಕ ಹಾಕಿ ನೋಡೋಣ. ಮದುವೆಗೆಂದು ಒಬ್ಬ ಕಾರ್ಮಿಕ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 2 ಲಕ್ಷ ತಂದನೆನ್ನಿ. 'ಮೂರೇ ರೂಪಾಯಿ' ಎಂದು ಕೇಳಲು ಹಿತವಾಗಿದೆ. ವರ್ಷಕ್ಕೆ ಅದು ನೂರಕ್ಕೆ 36. ತಿಂಗಳಿಗೆ 6,000 ರೂಪಾಯಿಯಂತೆ ಬಡ್ಡಿ ಕಟ್ಟುತ್ತ ಹೋದರೆ 34 ತಿಂಗಳಿಗೆ ಕಟ್ಟಿದ್ದು 2,04,000. ಅಸಲು ಮದುಮಗಳಂತೆ ತಲೆ ತಗ್ಗಿಸಿ ಹಾಗೆಯೇ ನಿಂತಿರುತ್ತದೆ! ಬದಲಾಗಿ 200 ಮನೆಯವರು ತಲಾ 500 ರೂಪಾಯಿ ಮುಯ್ಯಿ ಬರೆಸಿದರೆ 1 ಲಕ್ಷವಾಯಿತು. ತಿಂಗಳ 3,000 ಬಡ್ಡಿ ಉಳಿಯಿತು. ಶ್ರೀಮಂತರನ್ನು ನೋಡಿ ಅದನ್ನು ಬೇಡವೆಂದು ಅಚ್ಚು ಹಾಕಿಸುವುದು, ಸಂಜೆ ಲೇವಾದೇವಿಯವನ ಜಗಲಿಯಲ್ಲಿ ಕೈಕಟ್ಟಿ ನಿಲ್ಲುವುದು: ಇದು ಯಾವ ಮರ್ಯಾದೆ?

ಮುಯ್ಯಿಗೆ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಕೊಟ್ಟದ್ದನ್ನು ಮೈಕಿನಲ್ಲಿ ಕೂಗುವುದು ಇಲ್ಲದವನಿಗೆ ಅವಮಾನ. ಕೂಗುವುದನ್ನು ಬಿಡಿ, ಬರೆಯುವುದನ್ನು ಬಿಡಬೇಡಿ.

ಆದರೆ ಸಾಲ ಊಟದ ಎಲೆಯಿಂದ ಮಾತ್ರ ಬರುವುದಿಲ್ಲವಲ್ಲ. ವಿದ್ಯೆ ಹರಡಿದರೆ ವರದಕ್ಷಿಣೆ ತಾನಾಗಿ ಅಳಿದೀತೆಂದು ದೊಡ್ಡವರು ಭಾಷಣ ಮಾಡುತ್ತಿದ್ದರು. ಆದದ್ದೇನು? ವರನ ಪದವಿಗೊಂದು ದರವಾಯಿತು. ಮಗಳು ಬಿ.ಎ. ಓದಿದರೆ ಅವಳಿಗಿಂತ ಹೆಚ್ಚು ಓದಿದ ಗಂಡು ಬೇಕು. ಅವನ ದರ ಇನ್ನೂ ಮೇಲೆ. ಹೀಗೆ ಮಗಳನ್ನು ಓದಿಸಿದ ತಂದೆ ಎರಡು ಸಲ ಶುಲ್ಕ ಕಟ್ಟುತ್ತಾನೆ: ಒಮ್ಮೆ ಕಾಲೇಜಿಗೆ, ಇನ್ನೊಮ್ಮೆ ಬೀಗರಿಗೆ. ಕಾಲೇಜಿನವರು ರಸೀತಿಯನ್ನಾದರೂ ಕೊಡುತ್ತಾರೆ.

ಕಾನೂನು ಇಲ್ಲವೆ? ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಕೊಡುವವರೂ ಅಪರಾಧಿ, ತೆಗೆದುಕೊಳ್ಳುವವರೂ ಅಪರಾಧಿ. 1986ರ ತಿದ್ದುಪಡಿಯ ಮೇಲೆ ಶಿಕ್ಷೆ 5 ವರ್ಷಕ್ಕೆ ಏರಿತು. ಕೊಟ್ಟವನಿಗೂ ಶಿಕ್ಷೆಯೆಂಬ ಹೆದರಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಆದರೆ ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲವೆಂದು ಅದೇ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಇದನ್ನು ಬಲ್ಲವರು ಕಡಿಮೆ.

ಇನ್ನೂ ಒಂದು ಸಂಗತಿಯಿದೆ. 1985ರ ನಿಯಮಗಳ ಪ್ರಕಾರ ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳಿಗೊಂದು ಪಟ್ಟಿ, ವರನಿಗೆ ಬಂದವಕ್ಕೊಂದು ಪಟ್ಟಿ ಬರೆದಿಡಬೇಕು: ವಸ್ತು ಯಾವುದು, ಬೆಲೆ ಸುಮಾರು ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ. ಇಬ್ಬರೂ ಸಹಿ ಮಾಡಬೇಕು. ನೆಂಟರ ನೂರು ರೂಪಾಯಿಯನ್ನು ಬರೆದಿಡುವ ನಾವು, ಬೀಗರಿಗೆ ಕೊಟ್ಟ ಬಂಗಾರವನ್ನೂ ಗಾಡಿಯನ್ನೂ ಎಲ್ಲಿಯೂ ಬರೆಯುವುದಿಲ್ಲ. ನಾಳೆ ಮಗಳು ಕಣ್ಣೀರು ಹಾಕುತ್ತ ತವರಿಗೆ ಬಂದರೆ ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಸಣ್ಣ ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಮದುವೆಯ ಜವಳಿ, ದಿನಸಿ ಹೆಚ್ಚು ಖರ್ಚಾದರೆ ನಿಮಗೆ ಲಾಭವೆಂದು ತೋರಬಹುದು. ಆದರೆ ಉದ್ರಿ ಪುಸ್ತಕವನ್ನು ತೆರೆದು ನೋಡಿ. ಬಡ್ಡಿಯವನಿಗೆ ತಿಂಗಳಿಗೆ 6,000 ಕಟ್ಟುವವನು ನಿಮ್ಮ ಬಾಕಿಯನ್ನು ಯಾವುದರಿಂದ ತೀರಿಸಬೇಕು? ಅವನ ಸಂಬಳದ ದಿನ ಮೊದಲು ಬಾಗಿಲಿಗೆ ಬರುವವರು ನೀವಲ್ಲ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದ್ದು ಎಚ್ಚರಿಕೆಗಾಗಿ. ನಾವದನ್ನು ಸವಾಲೆಂದು ತಿಳಿದೆವು. ಮನಸ್ಸಿದ್ದರೆ ದಾರಿ ಬೇರೆಯುಂಟು. ಕುವೆಂಪು ಅವರು 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಕುಪ್ಪಳಿಯಲ್ಲಿ ಮಂತ್ರ ಮಾಂಗಲ್ಯವೆಂಬ ಸರಳ ರೀತಿಯಲ್ಲಿ ನಡೆಸಿದರು. ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಆದ ಮದುವೆ ಅದು. ಅವರಿಗೆ ಯಾವ ಮರ್ಯಾದೆಯೂ ಕಡಿಮೆಯಾಗಲಿಲ್ಲ.

ಅಷ್ಟು ಆಗದಿದ್ದರೆ ಬೇಡ. ಇಷ್ಟಾದರೂ ಮಾಡೋಣ. ಮದುವೆಗೆಂದು ಭವಿಷ್ಯನಿಧಿಗೆ ಕೈ ಹಾಕುವ ಮೊದಲು ಅದು ಮುಪ್ಪಿನ ಗಂಜಿಯೆಂದು ನೆನೆಯೋಣ. ಮಗಳಿಗೆ ಏನೇ ಕೊಟ್ಟರೂ ಅವಳ ಹೆಸರಿನಲ್ಲಿ ಕೊಟ್ಟು, ಬರೆದು, ಸಹಿ ಹಾಕಿಸೋಣ. ಪಕ್ಕದ ಮನೆಯವನ ಕಾರ್ಯಕ್ಕೆ ಹೋದಾಗ ಹರಸುವ ಕೈಯಲ್ಲಿ ಒಂದು ನೋಟೂ ಇರಲಿ. ಬರಿಯ ಅಕ್ಷತೆಯಿಂದ ಬಡ್ಡಿ ತೀರಿದ್ದನ್ನು ನಾವಂತೂ ಈವರೆಗೆ ಕಂಡಿಲ್ಲ.